ಕೊನೆಯ ಫ್ರೇಮು

ಸ್ಟುಡಿಯೋದ ಕೆಳಗಿನ ಕೋಣೆ
ಹನ್ನೊಂದನೇ ತಾರೀಕು, ಮಂಗಳವಾರ, ಬೆಳಿಗ್ಗೆ ಏಳೂವರೆ

ಪ್ರೀತಿಯ ಗುಂಡೂ,

ಹೇಗಿದ್ದೀಯಪ್ಪ? ಕೆಮ್ಮು ಬಿಟ್ಟಿತೇ? ಹೋದ ಸಲ ಫೋನಿನಲ್ಲಿ ಮಾತಿಗಿಂತ ಕೆಮ್ಮೇ ಹೆಚ್ಚು ಕೇಳಿಸಿತು. ನಿನ್ನ ಫೋಟೋ ಪ್ರದರ್ಶನದ ಗಡಿಬಿಡಿಯಲ್ಲಿ ಊಟ ಬಿಡಬೇಡ, ಬರೀ ಕಾಫಿಯಲ್ಲಿ ದಿನ ತಳ್ಳಬೇಡ. ಪತ್ರಿಕೆಯಲ್ಲಿ ನಿನ್ನ ಮುಖ ನೋಡಿದೆ, ಕೆನ್ನೆ ಒಳಕ್ಕೆ ಹೋಗಿ ಕಡ್ಡಿಯಾಗಿದ್ದೀಯ, ಗುಂಡು ಎಂದು ಕರೆಯಲು ನನಗೇ ಸಂಕೋಚವಾಗುತ್ತದೆ. ಇಲ್ಲಿ ನನ್ನ ಮಂಡಿನೋವು ಇದ್ದ ಹಾಗೇ ಇದೆ, ಮಹಡಿಯ ಮೇಲಿಂದ ನಿನ್ನ ದೊಡ್ಡಮ್ಮನ ಬೈಗುಳವೂ ಇದ್ದ ಹಾಗೇ ಇದೆ. ನಾನು ಚೆನ್ನಾಗಿದ್ದೇನೆ ಎಂದು ಬರೆಯಲು ಹೊರಟಿದ್ದೆ, ಆದರೆ ಸುಳ್ಳು ಹೇಳಿ ಹೇಳಿ ಸಾಕಾಗಿದೆ.

ಫೋನ್ ಇರುವಾಗ ಈ ಮುದುಕ ಕಾಗದ ಯಾಕೆ ಬರೆಯುತ್ತಿದ್ದಾನೆ ಎಂದುಕೊಳ್ಳುತ್ತೀಯ. ಭಾನುವಾರ ಒಂದು ಸಲ, ನಿನ್ನೆ ಎರಡು ಸಲ ಫೋನ್ ಮಾಡಿದೆನಲ್ಲ, ಮೂರು ಸಲವೂ ಊಟ ಆಯ್ತಾ ಎಂದು ಕೇಳಿ ಇಟ್ಟುಬಿಟ್ಟೆ. ಹೇಳಬೇಕಾದದ್ದು ನಾಲಿಗೆಯ ತುದಿಗೆ ಬಂದು ಹಿಂದಕ್ಕೆ ಹೋಯಿತು. ಕಾಗದವಾದರೆ ನನ್ನನ್ನು ತಿರುಗಿ ಪ್ರಶ್ನೆ ಕೇಳುವುದಿಲ್ಲ. ಹತ್ತು ಗಂಟೆಗೆ ಕೊರಿಯರ್ ಅಂಗಡಿ ತೆಗೆಯುತ್ತಲೇ ಕೊಡುತ್ತೇನೆ, ಗುರುವಾರಕ್ಕೆ ನಿನ್ನ ಕೈ ಸೇರುತ್ತದೆ ಎಂದಿದ್ದಾನೆ ಅಂಗಡಿಯವನು. ಶನಿವಾರ ಪ್ರದರ್ಶನ ತೆರೆಯುವ ಮುಂಚೆ ನೀನು ಇದನ್ನು ಪೂರ್ತಿ ಓದಬೇಕು. ಸಿಟ್ಟು ಬಂದರೆ ಅರ್ಧಕ್ಕೆ ಮಡಚಿಡುವ ಚಾಳಿ ನಿನಗಿದೆ, ಈ ಒಂದು ಸಲ ಹಾಗೆ ಮಾಡಬೇಡ.

ವಿಷಯಕ್ಕೆ ಬರುತ್ತೇನೆ. ಪ್ರದರ್ಶನದ ಬಾಗಿಲಿಗೆ ಎದುರಾಗಿ ಗೋಡೆ ತುಂಬ ಹಾಕುತ್ತೀಯಲ್ಲ ಆ ಚಿತ್ರ, ನೀನು ಅಮ್ಮನ ಶಾಲು ಹೊದ್ದು, ಅಮ್ಮನ ಹಾಗೆ ತಲೆ ಬಾಚಿ, ಗಲ್ಲದ ಮೇಲೆ ಮಚ್ಚೆ ಬರೆದುಕೊಂಡು ನಿನ್ನ ಫೋಟೋ ನೀನೇ ತೆಗೆದುಕೊಂಡದ್ದು, ಅದನ್ನು ತೆಗೆದುಬಿಡು. ಅದರ ಪಕ್ಕಕ್ಕೆ ಇಡುವ, ನಮ್ಮ ನಡುಮನೆಯ ಗೋಡೆಯ ಮೇಲಿನ ಅಮ್ಮನ ಫೋಟೋವನ್ನೂ ತೆಗೆ. ಕೆಳಗೆ ಬರೆದಿರುವ ‘ನನ್ನ ಮುಖದಲ್ಲಿ, ತೀರಿಕೊಂಡ ನನ್ನ ತಾಯಿ’ ಎಂಬ ಸಾಲನ್ನಂತೂ ಮೊದಲು ತೆಗೆ. ನಿನಗೆ ಕೈ ಮುಗಿಯುತ್ತೇನೆ. ಅಪ್ಪನಾದವನು ಮಗನಿಗೆ ಕೈ ಮುಗಿಯುವ ಹಾಗಾಯಿತು ನೋಡು.

ಯಾಕೆ ಎಂದು ಕೇಳುತ್ತೀಯ. ನಿನ್ನೆ ಇಡೀ ದಿನ ಗಿರಾಕಿಗಳ ಮಧ್ಯೆ ಕೂತು ಕಾರಣಗಳನ್ನು ಹೊಸೆದೆ. ಬೆಳಕು ತಪ್ಪು ಕಡೆಯಿಂದ ಬಂದಿದೆ ಎಂದು ಬರೆಯೋಣ ಎಂದುಕೊಂಡೆ, ನಿಜಕ್ಕೂ ತಪ್ಪೇ, ನಾನು ಎಡಗಡೆ ಇಟ್ಟ ದೀಪವನ್ನು ನೀನು ಬಲಗಡೆ ಇಟ್ಟಿದ್ದೀಯ. ಶಾಲಿನ ಅಂಚು ಹಿಡಿದ ಕೈಯಲ್ಲಿ ನಿನ್ನ ಸೊಟ್ಟ ಕಿರುಬೆರಳು ಎದ್ದು ಕಾಣುತ್ತದೆ, ಗೋಡೆಯ ಫೋಟೋದಲ್ಲಿ ಬೆರಳು ಬಾಣದ ಹಾಗೆ ನೆಟ್ಟಗಿದೆ, ನಕಲು ಮಾಡುವವನಿಗೆ ಅಷ್ಟೂ ಎಚ್ಚರ ಬೇಡವೇ ಎಂದು ಬೈಯೋಣ ಎಂದುಕೊಂಡೆ. ನೀನು ಕಳಿಸಿದ ಪ್ರದರ್ಶನದ ಪುಸ್ತಿಕೆಯ ಕೊನೆಯ ಪುಟದಲ್ಲಿ ನಿನ್ನ ಏಳು ತಿಂಗಳ ಫೋಟೋ ಹಾಕಿ ‘ಯಾರ ಆಸರೆಯೂ ಇಲ್ಲದೆ ಕೂತ ನಾನು’ ಎಂದು ಬರೆದದ್ದು ಅಹಂಕಾರ ಎಂದೂ ಬರೆದು ಹೊಡೆದುಹಾಕಿದೆ. ಎಲ್ಲ ನೆಪ. ನಿಜವಾದ ಕಾರಣ ಹೋದ ಶನಿವಾರ ಮಧ್ಯಾಹ್ನ ಅಂಗಡಿಯ ಮೆಟ್ಟಿಲು ಹತ್ತಿ ಬಂದಿತ್ತು.

ಐವತ್ತೈದರ ಆಸುಪಾಸಿನ ಹೆಂಗಸು, ಕಾಲಲ್ಲಿ ಆಸ್ಪತ್ರೆಯವರು ಹಾಕುವ ಬಿಳಿ ಬೂಟು. ಡ್ಯೂಟಿ ಮುಗಿಸಿ ನೇರ ಬಂದಿದ್ದರು. ಪಾಸ್‌ಪೋರ್ಟ್ ಅಳತೆಯೇ ಎಂದು ಕೇಳಿದೆ. ಚೀಲದಿಂದ ಪತ್ರಿಕೆ ತೆಗೆದು ಗಾಜಿನ ಮೇಲೆ ಹರಡಿದರು. ನಿನ್ನ ಬಗ್ಗೆ ಬಂದ ಪುಟ, ಗೋಡೆಯ ಫೋಟೋ ಮತ್ತು ನಿನ್ನ ಚಿತ್ರ ಅಕ್ಕಪಕ್ಕ. ಅದರ ಮೇಲೆ ತಮ್ಮ ನರ್ಸಿಂಗ್ ತರಬೇತಿ ಕಾಲದ ಗುರುತಿನ ಚೀಟಿ ಇಟ್ಟರು. ನಾನು ಕನ್ನಡಕ ಒರೆಸಿ ಹಾಕಿಕೊಂಡೆ. ಅದೇ ಶಾಲು, ಅದೇ ಕಾಲರು, ಅದೇ ಹುಬ್ಬು, ಮೂಲೆಯಲ್ಲಿ ನನ್ನದೇ ಸ್ಟುಡಿಯೋದ ಮುದ್ರೆ. ಮಚ್ಚೆ ಮಾತ್ರ ಇಲ್ಲ. ನಾನು ತಲೆ ಎತ್ತುವವರೆಗೂ ಕಾದು, ಔಷಧಿ ಹೊತ್ತಿಗೆ ತಗೊಂಡ್ರಾ ಎಂದು ಕೇಳುವ ದನಿಯಲ್ಲಿ ಕೇಳಿದರು: ‘ನಾನು ತೀರಿಕೊಂಡಿದ್ದು ಯಾವಾಗ?’

ಗುಂಡೂ, ನಡುಮನೆಯ ಗೋಡೆಯ ಮೇಲಿರುವವರು ನಿನ್ನ ಅಮ್ಮ ಅಲ್ಲ. ಈ ನರ್ಸಮ್ಮ.

ಬರೆದೆ. ಎದ್ದು ಹೋಗಿ ನೀರು ಕುಡಿದು ಬಂದೆ. ನೀನೂ ಬೇಕಾದರೆ ಎದ್ದು ಒಂದು ಸುತ್ತು ಹಾಕಿ ಬಾ, ಆದರೆ ಬಾ.

ನಿನ್ನ ಅಮ್ಮನ ಒಂದೇ ಒಂದು ಫೋಟೋ ನನ್ನ ಹತ್ತಿರ ಇರಲಿಲ್ಲ. ಬದುಕಿಡೀ ಊರಿನವರ ಮುಖ ಹಿಡಿದವನ ಮನೆಯಲ್ಲಿ ಹೆಂಡತಿಯ ಮುಖ ಇರಲಿಲ್ಲ ಎಂದರೆ ಯಾರು ನಂಬುತ್ತಾರೆ. ನಮ್ಮ ಮದುವೆ ಕಚೇರಿಯಲ್ಲಿ ಸಹಿ ಹಾಕಿ ಮುಗಿಯಿತು, ಫೋಟೋ ತೆಗೆಯಬೇಕಾದವನು ಮದುಮಗನೇ ಆಗಿದ್ದ. ಆಮೇಲೆ ನಾನು ಅವಳಿಗೊಂದು ಮಾತು ಕೊಟ್ಟೆ, ಪ್ರತಿ ಫಿಲ್ಮ್ ಸುರುಳಿಯ ಕೊನೆಯ ಫ್ರೇಮು ನಿನಗೆ ಎಂದು. ಹನ್ನೆರಡು ಫ್ರೇಮಿನ ಸುರುಳಿ, ಹನ್ನೊಂದು ಗಿರಾಕಿಗಳಿಗೆ, ಹನ್ನೆರಡನೆಯದು ಅವಳಿಗೆ. ಹನ್ನೊಂದು ಮುಗಿಯುವಷ್ಟರಲ್ಲಿ ಯಾರೋ ಒಬ್ಬರು ಓಡಿ ಬರುತ್ತಿದ್ದರು, ನಾಳೆಯೇ ಅರ್ಜಿಗೆ ಕೊನೆಯ ದಿನ ಸಾರ್ ಎಂದು. ಅವಳೇ ಹೇಳುತ್ತಿದ್ದಳು, ‘ಅವರಿಗೆ ತೆಗೀರಿ, ನಾನೆಲ್ಲಿ ಓಡಿ ಹೋಗ್ತೀನಿ’ ಎಂದು. ಕಣ್ಣು ಕಣ್ಣು ಬಿಡುತ್ತ ಹನ್ನೆರಡನೆಯದನ್ನೂ ಮಾರಿಕೊಳ್ಳುತ್ತಿದ್ದೆ. ಹೀಗೇ ನಾಲ್ಕೂವರೆ ವರ್ಷ ಕಳೆಯಿತು.

ಆ ಶಾಲು ಅವಳದೇ, ಅದರಲ್ಲಿ ಮೋಸವಿಲ್ಲ. ಗಂಡಸರಿಗೆ ಹಾಕಲು ಸ್ಟುಡಿಯೋದಲ್ಲಿ ಕೋಟೊಂದು ಇತ್ತಲ್ಲ, ಹಿಂದೆ ಸೀಳಿ ಕ್ಲಿಪ್ಪು ಹಾಕುತ್ತಿದ್ದದ್ದು. ತೆಳ್ಳಗಿದ್ದವನೂ ದಪ್ಪಗಿದ್ದವನೂ ಅದರೊಳಗೆ ಹೊಕ್ಕು ಸಾಹೇಬನಾಗಿ ಹೊರಬರುತ್ತಿದ್ದರು. ಹೆಂಗಸರಿಗೆ ಏನೂ ಇರಲಿಲ್ಲ. ನಿನ್ನ ಅಮ್ಮ ತನ್ನ ಒಳ್ಳೆಯ ಶಾಲನ್ನು ತಂದು ಕೋಟಿನ ಪಕ್ಕದ ಮೊಳೆಗೆ ನೇತುಹಾಕಿದಳು. ಹಾಗಾಗಿ ಆ ಕಾಲದಲ್ಲಿ ನನ್ನ ಮುಂದೆ ಕೂತ ಹೆಂಗಸರೆಲ್ಲ ನಿನ್ನ ಅಮ್ಮನ ಶಾಲಿನಲ್ಲೇ ಕೂತರು. ಈ ನರ್ಸಮ್ಮ ಇಪ್ಪತ್ತನಾಲ್ಕರ ಹುಡುಗಿಯಾಗಿ ಅರ್ಜಿಯ ಫೋಟೋಗೆ ಬಂದಿದ್ದರು. ಅರ್ಜಿಗೆ ಬೇಕಾದ್ದನ್ನು ತೆಗೆದ ಮೇಲೆ, ಚಳಿಗೆ ಶಾಲಿನ ಅಂಚು ಬಿಗಿ ಹಿಡಿದು ಒಂದು ಕ್ಷಣ ನಕ್ಕರು, ಬೆಳಕು ಚೆನ್ನಾಗಿ ಬಿದ್ದಿತ್ತು, ಕೇಳದೆಯೇ ಇನ್ನೊಂದು ಕ್ಲಿಕ್ಕಿಸಿದೆ. ಅಂಗಡಿಯ ಕಿಟಕಿಯಲ್ಲಿಡಲು ಆಗುತ್ತದೆ ಎಂಬ ಆಸೆ.

ಮುಂದಿನ ವಾರ ನಿನ್ನ ಅಮ್ಮ ನಾಲ್ಕು ದಿನದ ಜ್ವರದಲ್ಲಿ ಹೋಗಿಬಿಟ್ಟಳು. ನಿನಗೆ ಮೂರು ವರ್ಷ. ಹಗಲೆಲ್ಲ ನೀನು ಬಾಗಿಲ ಸಂದಿ, ಮಂಚದ ಅಡಿ, ನೀರಿನ ಡ್ರಮ್ಮಿನ ಹಿಂದೆ ಅವಳನ್ನು ಹುಡುಕುತ್ತಿದ್ದೆ. ದೊಡ್ಡಮ್ಮ ಅವಳ ಫೋಟೋ ದೊಡ್ಡದು ಮಾಡಿ ಹಾಕು, ಮಗುವಿಗೆ ತಾಯಿ ಮುಖ ಮರೆತುಹೋಗುತ್ತೆ ಎಂದು ದಿನಾ ಹೇಳಿದಳು. ಇಲ್ಲ ಎನ್ನುವ ಧೈರ್ಯ ನನಗೆ ಬರಲಿಲ್ಲ. ನಾಳೆ ಮಾಡುತ್ತೇನೆ, ನಾಡಿದ್ದು ಮಾಡುತ್ತೇನೆ ಎಂದು ತಪ್ಪಿಸಿಕೊಂಡು ತಿರುಗಿದೆ. ಒಂದು ಮಧ್ಯಾಹ್ನ ಕಿಟಕಿಗೆಂದು ಮಾಡಿದ ಆ ಪ್ರಿಂಟನ್ನು ದಾರಕ್ಕೆ ಸಿಕ್ಕಿಸಿ ಒಣಗಹಾಕಿದ್ದೆ. ನೀನು ಸ್ಟೂಲು ಹತ್ತಿ, ಹಸಿ ಪ್ರಿಂಟಿನ ಮೇಲೆ ಬೆರಳಿಟ್ಟು, ‘ಅಮ್ಮ’ ಎಂದೆ. ಶಾಲು ಗುರುತು ಹಿಡಿದಿದ್ದೆ. ಎರಡು ವಾರದಲ್ಲಿ ಮೊದಲ ಸಲ ನಿನ್ನ ಮುಖ ಅರಳಿತ್ತು. ಅಲ್ಲ ಮಗು ಎಂದು ಹೇಳಲು ನನಗೆ ಒಂದು ಕ್ಷಣ ಸಾಕಿತ್ತು. ಆ ಒಂದು ಕ್ಷಣ ನಾನು ಬಾಯಿ ಮುಚ್ಚಿಕೊಂಡೆ, ಮೂವತ್ತೊಂದು ವರ್ಷವಾದರೂ ತೆರೆಯಲಾಗಲಿಲ್ಲ. ಅವತ್ತೇ ಸಂಜೆ ನೆಗೆಟಿವಿನ ಮೇಲೆ ಸೂಜಿಯಿಂದ ಸ್ವಲ್ಪವೇ ಕೆರೆದು, ಹೊಸ ಪ್ರಿಂಟಿನಲ್ಲಿ ಬಂದ ಕರಿ ಚುಕ್ಕೆಯನ್ನು ಬ್ರಶ್ಶಿನಿಂದ ತಿದ್ದಿ ಗಲ್ಲಕ್ಕೆ ನಿನ್ನ ಅಮ್ಮನ ಮಚ್ಚೆ ಇಟ್ಟೆ. ಆ ಫೋಟೋದಲ್ಲಿ ಅವಳದು ಎಂದು ಇರುವುದು ಶಾಲು ಮತ್ತು ಆ ಮಚ್ಚೆ, ಮಚ್ಚೆಯೂ ನನ್ನ ಕೈಯಿಂದ ಬಂದದ್ದು.

ದೊಡ್ಡಮ್ಮ ನೋಡಿ ಸೆರಗು ಬಾಯಿಗಿಟ್ಟು ಅತ್ತಳು. ಒಡಹುಟ್ಟಿದ ಅಕ್ಕನೇ ಒಪ್ಪಿದ ಮೇಲೆ ನಾನು ಗೆದ್ದೆ ಎಂದುಕೊಂಡೆ. ಮೊನ್ನೆ ನರ್ಸಮ್ಮ ಹೋದ ಮೇಲೆ ಮಹಡಿ ಹತ್ತಿ ಹೋಗಿ ಎಲ್ಲ ಒಪ್ಪಿಕೊಂಡರೆ, ಅವಳು ಬಟ್ಟೆ ಮಡಚುವುದನ್ನು ನಿಲ್ಲಿಸದೆ ಹೇಳುತ್ತಾಳೆ, ‘ನನಗೆ ಅವತ್ತೇ ಗೊತ್ತಾಗಿತ್ತು. ನನ್ನ ತಂಗಿ ಮುಖ ನಾನು ಕಾಣೆನಾ? ಮಗು ಸುಮ್ಮನಾಯ್ತಲ್ಲ ಅಂತ ನಾನೂ ಸುಮ್ಮನಾದೆ.’ ಮೂವತ್ತೊಂದು ವರ್ಷ ನಾವಿಬ್ಬರೂ ಒಬ್ಬರಿಗೊಬ್ಬರು ಗೊತ್ತಾಗದಂತೆ ಒಂದೇ ಸುಳ್ಳನ್ನು ಸಾಕಿದ್ದೇವೆ. ನೀನು ಪರೀಕ್ಷೆಯ ದಿನ ಆ ಫೋಟೋದ ಮುಂದೆ ನಿಂತು ಹೇಳಿಕೊಂಡು ಹೋಗುತ್ತಿದ್ದೆ, ಮೊದಲ ಸಂಬಳವನ್ನು ಅದರ ಮುಂದೆ ಇಟ್ಟೆ, ಯಾವುದೋ ಹುಡುಗಿ ಒಲ್ಲೆ ಎಂದಾಗ ಅದರ ಕೆಳಗೇ ಮಲಗಿದ್ದೆ. ನಾನು ಪಕ್ಕದ ಕೋಣೆಯಲ್ಲಿ ಹಲ್ಲು ಕಚ್ಚಿ ಕೂತಿರುತ್ತಿದ್ದೆ.

ಇನ್ನೊಂದು ಒಪ್ಪಿಕೊಳ್ಳುವುದಿದೆ. ನೀನು ಕಾವಲುಗಾರನ ಸಮವಸ್ತ್ರ ತೊಟ್ಟು, ಹೋಟೆಲಿನ ತಟ್ಟೆ ತೊಳೆಯುವವಳ ಹಾಗೆ ಕೂತು, ಕುರುಡನಂತೆ ಕಣ್ಣು ಮಾಡಿಕೊಂಡು ಫೋಟೋ ತೆಗೆದುಕೊಂಡಾಗ ನಾನು ಒಂದು ಮಾತು ಕೇಳಿದ್ದೆ, ಆ ಕಾವಲುಗಾರನನ್ನು ಕೇಳಿದೆಯಾ ಎಂದು. ಅವನ ಹಸಿವು ಅವನಿಗೆ, ಅವನ ಚಂದ ನಿನಗೆ, ಇದ್ಯಾವ ನ್ಯಾಯ ಎಂದು ದೊಡ್ಡ ಮನುಷ್ಯನ ಹಾಗೆ ಗದರಿದ್ದೆ. ನೀನು ಎರಡು ತಿಂಗಳು ಫೋನ್ ಮಾಡಲಿಲ್ಲ. ಆಮೇಲೆ ಹೇಳಿದೆ, ‘ಅಪ್ಪ, ಇನ್ನು ಮೇಲೆ ಯಾರ ಮುಖವೂ ಬೇಡ, ನನ್ನ ಅಮ್ಮನ ಮುಖ ನನ್ನದೇ ಅಲ್ವಾ, ಅದಕ್ಕೆ ಯಾರನ್ನ ಕೇಳಬೇಕು?’ ಅವತ್ತು ಹೇಳಬೇಕಾಗಿತ್ತು. ಬಾಗಿಲು ತೆರೆದಿತ್ತು, ಒಳಗೆ ಹೆಜ್ಜೆ ಇಡುವುದೊಂದೇ ಬಾಕಿ. ನಾನು ಒಳ್ಳೇದಪ್ಪ ಎಂದು ಹೇಳಿ ಪೆಟ್ಟಿಗೆಯಿಂದ ಶಾಲು ತೆಗೆದು, ಬಿಸಿಲಿಗೆ ಹಾಕಿ, ಮಡಚಿ ನಿನ್ನ ಕೈಗೆ ಕೊಟ್ಟೆ. ಯಾರನ್ನೂ ಕೇಳದೆ ಮುಖ ತೆಗೆದುಕೊಂಡ ಮೊದಲಿಗ ನಾನು, ನಿನಗೆ ಬುದ್ಧಿ ಹೇಳಲು ಬಂದಿದ್ದೆ.

ನರ್ಸಮ್ಮ ಕೆಟ್ಟವರಲ್ಲ. ಕೂಗಾಡಲಿಲ್ಲ, ದುಡ್ಡಿನ ಮಾತೇ ಎತ್ತಲಿಲ್ಲ. ವಾರ್ಡಿನಲ್ಲಿ ರೋಗಿಯೊಬ್ಬ ಪತ್ರಿಕೆ ತೋರಿಸಿ ಸಿಸ್ಟರ್ ಇದು ನೀವೇ ಅಲ್ವಾ ಎಂದನಂತೆ. ದೂರದಲ್ಲಿ ಓದುವ ಮಗಳು ತೀರಿಕೊಂಡ ತಾಯಿ ಎಂಬ ಸಾಲು ಓದಿ ಫೋನ್ ಮಾಡಿ ಅತ್ತಳಂತೆ. ‘ಆ ವಯಸ್ಸಿನ ನನ್ನ ಮುಖ ನನ್ನ ಹತ್ರ ಈ ಉಗುರಿನಷ್ಟು ಚೀಟೀಲಿ ಬಿಟ್ರೆ ಎಲ್ಲೂ ಇಲ್ಲ. ನಿಮ್ಮ ಮನೇಲಿ ಮಾತ್ರ ದೊಡ್ಡದಾಗಿ ನೇತಾಡ್ತಾ ಇದೆ’ ಎಂದರು. ನೀನು ಸ್ಟೂಲು ಹತ್ತಿ ಅಮ್ಮ ಎಂದದ್ದನ್ನು ನಾನು ಅವರಿಗೆ ಹೇಳಿದೆ. ಚೀಟಿಯನ್ನು ಎತ್ತಿ ಚೀಲಕ್ಕೆ ಹಾಕಿಕೊಂಡರು. ಕಣ್ಣು ತುಂಬಿತ್ತು, ಆದರೆ ದನಿ ಬದಲಾಗಲಿಲ್ಲ. ‘ಆ ಮಗುಗೆ ಬೇಕಿದ್ರೆ ಕೊಟ್ಟೆ ಅಂತ ಇಟ್ಕೊಳ್ಳಿ. ಈಗ ಅವರು ಮಗು ಅಲ್ಲ’ ಎಂದರು. ನಿನ್ನೆ ಸಂಜೆ ಮತ್ತೆ ಬಂದು ಒಂದೇ ಮಾತು ಹೇಳಿ ಹೋದರು. ಶನಿವಾರ ಆ ಚಿತ್ರಗಳು ಅಲ್ಲಿದ್ದರೆ, ರಜೆ ಹಾಕಿ ಬೆಳಗಿನ ರೈಲಿಗೆ ಬಂದು ಅವುಗಳ ಕೆಳಗೆ ನಿಲ್ಲುತ್ತಾರಂತೆ. ಏನೂ ಮಾತಾಡುವುದಿಲ್ಲವಂತೆ, ಸುಮ್ಮನೆ ನಿಲ್ಲುತ್ತಾರಂತೆ.

ಅದನ್ನು ನೆನೆದುಕೊಂಡು ನೋಡು. ಅಷ್ಟು ಜನರ ಮಧ್ಯೆ ನೀನು ಆ ಶಾಲು ಹೆಗಲ ಮೇಲೆ ಹಾಕಿಕೊಂಡು ನಿಂತಿರುವಾಗ, ನೀನು ಮೂರು ವರ್ಷದವನಿದ್ದಾಗಿನಿಂದ ಅಮ್ಮನದೆಂದು ನಂಬಿದ ಮುಖ ಬಿಳಿ ಕೂದಲು, ಬಿಳಿ ಬೂಟಿನಲ್ಲಿ ಬಾಗಿಲಿನಿಂದ ಒಳಗೆ ಬರುತ್ತದೆ. ಬದುಕಿದ್ದಾಳೆ ಎಂದು ಒಂದು ಕ್ಷಣ ನಂಬಿಬಿಡುತ್ತೀಯ. ಅದೊಂದು ಕ್ಷಣಕ್ಕೆ ನನಗೆ ಕ್ಷಮೆ ಇಲ್ಲ. ಬೈಯುವುದಿದ್ದರೆ ಇಲ್ಲಿ ಬಂದು ಬೈ, ಹೊಡೆಯುವುದಿದ್ದರೆ ಹೊಡೆ, ನನ್ನ ಮುಖ ನೋಡುವುದಿಲ್ಲ ಎಂದರೂ ಬಾಯಿ ಮುಚ್ಚಿಕೊಂಡು ಅನುಭವಿಸುತ್ತೇನೆ. ಆದರೆ ಶನಿವಾರದ ಮುಂಚೆ ಅವೆರಡನ್ನೂ ಇಳಿಸಿ, ಆ ತಾಯಿಗೆ ನೀನೇ ಒಂದು ಫೋನ್ ಮಾಡು. ನಂಬರು ಹಿಂದಿನ ಪುಟದಲ್ಲಿ ಬರೆದಿದ್ದೇನೆ. ನನ್ನಿಂದ ಎಳೆಯಲಾಗದ ಗಾಡಿ ಇದು, ನಿನ್ನ ಕೊರಳಿಗೆ ಕಟ್ಟುತ್ತಿದ್ದೇನೆ.

ದೊಡ್ಡಮ್ಮ ಮೆಟ್ಟಿಲ ಮೇಲಿಂದ ಆಶೀರ್ವಾದ ಹೇಳಿದಳು, ಕೆಮ್ಮಿಗೆ ಬಿಸಿನೀರು ಕುಡಿ ಎಂದಳು. ನೀನು ಎಲ್ಲಿದ್ದರೂ ತಣ್ಣಗಿರು ಮಗನೇ. ನನ್ನ ಆಶೀರ್ವಾದಕ್ಕೆ ಈಗ ಎಷ್ಟು ಬೆಲೆಯೋ ಗೊತ್ತಿಲ್ಲ, ಇರುವಷ್ಟನ್ನೂ ಇದರೊಳಗೆ ಇಟ್ಟಿದ್ದೇನೆ.

ನಿನ್ನ,
ಇನ್ನೂ ಹಾಗೆ ಕರೆಯುವುದಾದರೆ,
ಅಪ್ಪ

ಮರೆತದ್ದು: ಲಕೋಟೆ ಅಂಟಿಸಿ ಆಗಿತ್ತು, ಹರಿದು ಇದನ್ನು ಸೇರಿಸುತ್ತಿದ್ದೇನೆ. ಹತ್ತು ಗಂಟೆಗೆ ಐದೇ ನಿಮಿಷ ಇದೆ. ನರ್ಸಮ್ಮನ ನೆಗೆಟಿವನ್ನು ಅವರಿಗೇ ಕೊಟ್ಟುಬಿಡೋಣ ಎಂದು ಅಟ್ಟದ ಡಬ್ಬಿ ಇಳಿಸಿದರೆ ಅದರ ತಳದಲ್ಲಿ ನಿನ್ನ ಏಳು ತಿಂಗಳ ಫೋಟೋದ ನೆಗೆಟಿವ್ ಸಿಕ್ಕಿತು. ಯಾರ ಆಸರೆಯೂ ಇಲ್ಲದೆ ಕೂತೆ ಎಂದು ಬರೆದಿದ್ದೀಯಲ್ಲ, ಏಳು ತಿಂಗಳ ಕೂಸು ಸ್ಟೂಲಿನ ಮೇಲೆ ಒಂದೇ ಎಲ್ಲಿ ಕೂರುತ್ತದೆ. ನಿನ್ನ ಅಮ್ಮ ಸ್ಟೂಲಿನ ಮೇಲೆ ಕೂತು, ತಲೆಯಿಂದ ಪಾದದವರೆಗೆ ಪರದೆಯ ಕರಿಬಟ್ಟೆ ಹೊದ್ದು, ನಿನ್ನನ್ನು ತೊಡೆಯ ಮೇಲಿಟ್ಟುಕೊಂಡು ಸೊಂಟ ಹಿಡಿದಿದ್ದಳು. ಎಳೆಮಕ್ಕಳ ಫೋಟೋ ನಾವೆಲ್ಲ ಹಾಗೇ ತೆಗೆಯುತ್ತಿದ್ದದ್ದು. ಅದು ಸುರುಳಿಯ ಕೊನೆಯ ಫ್ರೇಮು, ಈ ಸಲ ನಿನ್ನದೇ ಎಂದು ಅವಳೊಡನೆ ಹಟ ಹಿಡಿದಿದ್ದೆ. ‘ಮಗೂದು ತೆಗೀರಿ, ನಾನೂ ಇರ್ತೀನಲ್ಲ’ ಎಂದಳು. ಬಟ್ಟೆಯೊಳಗೆ ನಗುತ್ತಿದ್ದಳು, ಅದಕ್ಕೇ ನೀನು ಕೊಂಚ ಅಲುಗಿದ್ದೀಯ. ಪ್ರಿಂಟು ಹಾಕಿದ ಮೇಲೆ ನಾನೇ ಬ್ರಶ್ಶು ಹಿಡಿದು ಅವಳ ಎರಡು ಕೈಗಳನ್ನು ಮುಚ್ಚಿಹಾಕಿದೆ, ನೆಗೆಟಿವಿನಲ್ಲಿ ಅವು ಹಾಗೇ ಇವೆ. ಕಿರುಬೆರಳು ನೋಡು ಗುಂಡೂ, ಸೊಟ್ಟ. ಮಚ್ಚೆ ನೆನಪಿಟ್ಟುಕೊಂಡವನು ಅದನ್ನು ಮರೆತೇಬಿಟ್ಟಿದ್ದೆ. ನಿನ್ನ ಬೆರಳಿಗೆ ಮೇಲೆ ಬೈದಿದ್ದೇನಲ್ಲ, ಆ ಸಾಲು ಹೊಡೆದುಹಾಕು. ಇರುವುದು ಇದೊಂದೇ, ಲಕೋಟೆಯಲ್ಲಿ ಇಟ್ಟಿದ್ದೇನೆ. ಕಿಟಕಿಯ ಬೆಳಕಿಗೆ ಹಿಡಿದು ನೋಡು. ನೆಗೆಟಿವ್ ಮುಟ್ಟಬೇಡ, ಬೆರಳಚ್ಚು ಬೀಳುತ್ತದೆ ಎಂದು ಚಿಕ್ಕಂದಿನಲ್ಲಿ ನಿನ್ನ ಕೈಗೆ ಎಷ್ಟೋ ಸಲ ಹೊಡೆದಿದ್ದೇನೆ. ಇದರ ಮೇಲೆ ಬಿದ್ದರೆ ಬೀಳಲಿ.